ಯಾರದ್ದೂ ಅಲ್ಲದ ಹೆಸರು

ಏಪ್ರಿಲ್ 2, ಮಂಗಳವಾರ

ಊಟದ ಮೇಜು ಪ್ರೂಫ್ ಹಾಳೆಗಳ ಪಾಲಾಗಿದೆ. ಊಟ ಸಿಂಕಿನ ಪಕ್ಕ, ನಿಂತುಕೊಂಡೇ. ನಿನ್ನೆಯ ಅನ್ನ, ಡಬ್ಬಿಯ ಮೀನು. ಮೂವತ್ತನೇ ಪುಟದಲ್ಲಿ ಅಮ್ಮ ಇನ್ನೂ ಬದುಕಿದ್ದಾಳೆ. ಅಲ್ಲಿಗೇ ಪೆನ್ಸಿಲ್ ಇಟ್ಟು ಎದ್ದೆ.

ಬೆಳಗ್ಗೆ ಎಂದಿನ ಹಾಗೆ ಶಾಲೆಯ ಲೈಬ್ರರಿ ಕೆಲಸ. ನನ್ನ ಎರಡು ಕಾದಂಬರಿಗಳು ಕಿಟಕಿ ಪಕ್ಕ ಬಿಸಿಲಿಗೆ ಬಣ್ಣ ಬಿಟ್ಟುಕೊಂಡು ಕೂತಿವೆ. ಯಾರೂ ಮುಟ್ಟುವುದಿಲ್ಲ. ಒಮ್ಮೆ ನಾನೇ ಒಂದನ್ನು ಎರವಲು ಪಡೆದಿದ್ದೆ, ಒಂದು ಮೊಹರಾದರೂ ಬೀಳಲಿ ಅಂತ. ನಾಚಿಕೆಗೇಡು.

ಸಂಜೆ ಆರಕ್ಕೆ ಸೊಲಾಂಜ್ ಫೋನು. ಇಲ್ಲಿ ನೌಮಿಯಾದಲ್ಲಿ ಕತ್ತಲಾಗುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅವಳು ಆಫೀಸಿಗೆ ಬಂದು ಕೋಟು ಬಿಚ್ಚುತ್ತಿರುತ್ತಾಳೆ. ಹದಿಮೂರು ವರ್ಷದಿಂದ ನನ್ನ ಸಂಪಾದಕಿ. ಇನ್ನೂ ನನ್ನ ಊರು ಯಾವ ದ್ವೀಪ ಅನ್ನುವುದು ಅವಳಿಗೆ ಸರಿಯಾಗಿ ಗೊತ್ತಿಲ್ಲ.

‘ಕೂತಿದೀಯ? ಕೂತ್ಕೋ. ನಿನ್ನ ಪುಸ್ತಕ ಸೆಪ್ಟೆಂಬರ್ ಪಟ್ಟಿಗೆ ಹಾಕಿದೀವಿ.’

ಕೂತೆ.

ಬೇಸಿಗೆ ರಜೆ ಮುಗಿಸಿ ಪ್ಯಾರಿಸ್ ವಾಪಸಾಗುವ ಆ ವಾರಗಳು. ಬಹುಮಾನದವರು, ಪತ್ರಿಕೆಯವರು, ಟೀವಿಯವರು, ಎಲ್ಲರೂ ಆ ಒಂದೇ ಬುಟ್ಟಿಗೆ ಕೈ ಹಾಕುವುದು. ನನ್ನ ಮೊದಲೆರಡು ಪುಸ್ತಕ ಫೆಬ್ರವರಿಯಲ್ಲಿ ಬಂದವು, ನಾಯಿಯೂ ಮೂಸದ ತಿಂಗಳು. ಒಂದನೆಯದಕ್ಕೆ ಒಬ್ಬ ವಿಮರ್ಶಕ ‘ಬಿಸಿಲಿನಲ್ಲಿ ಮಿಂದ ಗದ್ಯ’ ಎಂದ. ಅದರಲ್ಲಿ ಪೂರ್ತಿ ಮಳೆ. ಎರಡನೆಯದನ್ನು ಗೋದಾಮಿನಲ್ಲಿ ಜಾಗವಿಲ್ಲ ಅಂತ ಯಂತ್ರಕ್ಕೆ ಹಾಕಿ ಅರೆದರು. ಪುಸ್ತಕ ಮೇಳಗಳಲ್ಲಿ ನನ್ನನ್ನು ಕೂರಿಸುವುದು ‘ಸಾಗರದಾಚೆ’ ಎಂಬ ಫಲಕದ ಕೆಳಗೆ, ವೆನಿಲ್ಲಾ ಮಾರುವ ಹೆಂಗಸಿನ ಪಕ್ಕ. ಅವಳ ಮುಂದೆ ಸಾಲು, ನನ್ನ ಮುಂದೆ ಟಾಯ್ಲೆಟ್ ಎಲ್ಲಿ ಅಂತ ಕೇಳುವವರು.

ಸೊಲಾಂಜ್ ಹೇಳಲಿಲ್ಲ, ಆದರೆ ಇಬ್ಬರಿಗೂ ಗೊತ್ತು. ಇದೂ ಬಿದ್ದರೆ ನಾಲ್ಕನೆಯದು ಇಲ್ಲ. ನನಗೆ ನಲವತ್ತೇಳು.

ಎದೆ ಡವಗುಟ್ಟುತ್ತಿದೆ. ಸಂತೋಷಕ್ಕೇ ಇರಬೇಕು.

ಏಪ್ರಿಲ್ 5, ಶುಕ್ರವಾರ

ಸಂತೋಷಕ್ಕಲ್ಲ.

ಇವತ್ತು ಸೊಲಾಂಜ್ ಜೊತೆ ಪ್ರಕಾಶನದ ವಕೀಲನೂ ಫೋನಿನಲ್ಲಿ. ಈಗೀಗ ಎಲ್ಲ ಕಾದಂಬರಿಯನ್ನೂ ಮೊದಲು ಅವನು ಓದುತ್ತಾನಂತೆ, ಯಾರಾದರೂ ಕೇಸು ಹಾಕಿಯಾರು ಅಂತ. ನಯವಾದ ದನಿ.

‘ಮೇಡಂ, ತವರಿಗೆ ಓಡಿ ಬಂದ ತಂಗೀನ ಮತ್ತೆ ಗಂಡನ ಮನೆಗೇ ಕಳಿಸೋ ಅಣ್ಣ. ಇದು ನಿಜವಾಗಿ ಆಗಿದ್ದಾ?’

‘ಹೌದು.’

‘ಆ ಅಣ್ಣ ಬದುಕಿದಾರಾ?’

‘ಬದುಕಿದಾನೆ. ಹೆಸರು ಬದಲಾಯಿಸಿದೀನಿ.’

‘ಹಾಗಿದ್ರೆ ತೊಂದರೆ ಇಲ್ಲ.’

ಫೋನ್ ಇಟ್ಟ ಮೇಲೆ ಬಾಲ್ಕನಿಯಲ್ಲಿ ಅತ್ತಿಂದಿತ್ತ. ತೊಂದರೆ ಇಲ್ಲವಂತೆ. ಅಮ್ಮನ ರಕ್ತ ನನ್ನ ಮೈಯಲ್ಲಿ ಹರಿಯುತ್ತಿದೆ ಅಂದರೆ ಅದು ಅವಳ ಅಣ್ಣ ವಾಯಿಮೊ ಮಾವನ ಮನೆಯದು. ನಮ್ಮ ಕಟ್ಟಳೆಯಲ್ಲಿ ಮಗು ಹುಟ್ಟಿದಾಗ ತಾಯಿಯ ಅಣ್ಣನಿಗೆ ಹೇಳಬೇಕು, ಸತ್ತರೆ ನನ್ನ ಹೆಣ ಅವನ ಕಡೆಯವರಿಗೆ ಒಪ್ಪಿಸಬೇಕು. ನಡುವೆ ಒಂದು ಕೂದಲು ಕತ್ತರಿಸಿಕೊಂಡರೂ ಹೇಳುವವರಿದ್ದಾರೆ. ನಾನು ಅವನ ಮೇಲೆಯೇ ಒಂದು ಕಾದಂಬರಿ ಬರೆದಿದ್ದೇನೆ, ಹೇಳಿಲ್ಲ.

ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವನೂ ಅವನೇ. ಅದನ್ನು ಪುಸ್ತಕದಲ್ಲಿ ಹಾಕಿಲ್ಲ. ಹಾಕಿದರೆ ಕೋಪ ತೆಳ್ಳಗಾಗುತ್ತಿತ್ತು.

ಏಪ್ರಿಲ್ 11, ಗುರುವಾರ

ಚೀನೀಯನ ಅಂಗಡಿಗೆ ಹೋಗಿ ಸೊಂಟಕ್ಕೆ ಸುತ್ತುವ ಮಾನೂ ಬಟ್ಟೆ ತಂದೆ. ನೀಲಿ, ಬಿಳಿ ಹೂ. ಒಂದು ಕಟ್ಟು ತಂಬಾಕು. ಹಿರಿಯರ ಮುಂದೆ ಮಾತೆತ್ತುವ ಮೊದಲು ಇಡುವ ಕಟ್ಟಳೆಗೆ ಇಷ್ಟು ಸಾಕು, ಮೇಲೊಂದು ನೋಟು ಇಟ್ಟರಾಯಿತು. ಅಂಗಡಿಯವಳು ‘ಮದುವೆನಾ?’ ಅಂದಳು. ‘ಪುಸ್ತಕ’ ಅಂದೆ. ಪಾಪ, ನಗಬೇಕೋ ಬೇಡವೋ ತಿಳಿಯದೆ ಚಿಲ್ಲರೆ ಕೊಟ್ಟಳು.

ಮಾವ ಬೇಡ ಅಂದರೆ? ಹಾಗಂದರೆ ಮಾಡುವುದೇನು ಅಂತ ಇನ್ನೂ ಯೋಚಿಸಿಲ್ಲ. ಯೋಚಿಸಲು ಹೊರಟಾಗಲೆಲ್ಲ ಪಾತ್ರೆ ತೊಳೆಯಬೇಕು ಅನಿಸುತ್ತದೆ. ಮನೆಯಲ್ಲಿ ಒಂದು ಲೋಟವೂ ಕೊಳಕಿಲ್ಲ ಈಗ.

ಏಪ್ರಿಲ್ 20, ಶನಿವಾರ. ಲಿಫು

ನಿನ್ನೆ ವಿಮಾನದಲ್ಲಿ ನಮ್ಮ ದ್ವೀಪಕ್ಕೆ ಬಂದೆ. ಗುಡ್ ಫ್ರೈಡೇ, ಎಲ್ಲರೂ ಚರ್ಚಿನಲ್ಲಿ, ಮಾತಿಗೆ ಎಡೆಯಿಲ್ಲ. ಇವತ್ತು ಬೆಳಗ್ಗೆ ಮಾವನ ಗುಂಡು ಗುಡಿಸಲು. ಒಳಗೆ ಹೊಗೆ. ಬಗ್ಗಿ ನುಗ್ಗುವಾಗ ಸೊಂಟ ಹಿಡಿದುಕೊಂಡಿತು.

ಚಾಪೆಯ ಮೇಲೆ ಬಟ್ಟೆ ಇಟ್ಟೆ, ತಂಬಾಕು ಇಟ್ಟೆ. ಹೇಳಿದೆ. ಅಮ್ಮನ ಮೇಲೆ ಒಂದು ಪುಸ್ತಕ ಬರೆದಿದ್ದೇನೆ, ನಿನ್ನ ಮೇಲೂ, ಪ್ಯಾರಿಸ್ಸಿನಲ್ಲಿ ಅಚ್ಚಾಗುತ್ತದೆ. ಎಸ್ತೆರ್ ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ತೊಡೆಯ ಮೇಲೆ ಮೊಮ್ಮಗ. ಮಾವನ ಮಗ ಜೊಸಾಯನ ಮಗು. ಮಾವನದೇ ಹೆಸರು, ವಾಯಿಮೊ. ಒಂದು ವರ್ಷ ತುಂಬಿದೆ, ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ.

ಮಾವ ಬಟ್ಟೆ ಮುಟ್ಟಲಿಲ್ಲ.

‘ಎಷ್ಟು ದಿನದಿಂದ ಬರೀತಿದೀಯ?’

‘ಮೂರು ವರ್ಷ, ಮಾವ.’

‘ಮೂರು ವರ್ಷದಲ್ಲಿ ಎಷ್ಟು ಸಲ ಬಂದೆ, ನಮ್ಮ ಹೆಗ್ಗೆಣಸು ತಿಂದು ಹೋದೆ. ಒಂದಿನಾನೂ ಬಾಯಿ ಬಿಡ್ಲಿಲ್ಲ. ಗೋಡೆ ಎದ್ದು ಸೂರು ಹೊದೆಸಿದ ಮೇಲೆ ಪಾಯ ತೋಡ್ಲಾ ಅಂತ ಕೇಳೋಕೆ ಬಂದಿದೀಯ.’

‘ತಪ್ಪಾಯ್ತು.’

‘ತಪ್ಪು ಅಂತ ಗೊತ್ತಿದ್ರೆ ಸರಿ. ಹೇಳು. ಓದ್ಬೇಡ, ಆ ಫ್ರೆಂಚು ನನಗೆ ಸರ್ಕಾರಿ ಕಚೇರೀಲೇ ಸಾಕು. ಬಾಯಲ್ಲಿ ಹೇಳು.’

ಹೇಳಿದೆ. ಇಡೀ ಕಾದಂಬರಿಯನ್ನು, ನಮ್ಮ ಮಾತಿನಲ್ಲಿ, ಮಧ್ಯಾಹ್ನದವರೆಗೆ. ಸೊಲಾಂಜ್ ಹೊಗಳಿ ಕುಣಿದಿದ್ದ ಸಮುದ್ರದ ವರ್ಣನೆ ಒಂದೂವರೆ ಮಾತಿಗೆ ಮುಗಿಯಿತು. ಉಳಿದದ್ದು ಇಷ್ಟೇ. ಒಬ್ಬ ಹೆಂಗಸು, ಮೈಯೆಲ್ಲ ಬಾಸುಂಡೆ, ಮಗುವನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣ ಬಾಗಿಲು ಹಾಕಿಕೊಳ್ಳುತ್ತಾನೆ. ಅವಳು ವಾಪಸ್ ಹೋಗಿ ಆ ಮಳೆಗಾಲದಲ್ಲೇ ಸಾಯುತ್ತಾಳೆ. ಏಟಿಗೋ, ಜ್ವರಕ್ಕೋ, ಯಾರೂ ಹೇಳುವುದಿಲ್ಲ.

ಮಾವನ ಮುಖ ನೋಡಲಿಲ್ಲ ನಾನು. ಬೆಂಕಿಯನ್ನೇ ನೋಡುತ್ತಾ ಹೇಳಿದೆ. ‘ಅಣ್ಣನಿಗೆ ವಾತ್ರೋನ್ ಅಂತ ಹೆಸರು ಇಟ್ಟಿದ್ದೇನೆ’ ಅಂದಾಗ ಮಗುವನ್ನು ತಟ್ಟುತ್ತಿದ್ದ ಅತ್ತೆಯ ಕೈ ನಿಂತಿತು.

‘ಏನು ಹೆಸರು ಅಂದೆ?’

‘ವಾತ್ರೋನ್. ನಾನೇ ಕಟ್ಟಿದ ಹೆಸರು ಅತ್ತೆ.’

‘ನೀನು ಕಟ್ಟಿದ್ದಾ. ನಮ್ಮಪ್ಪನ ಹೆಸರು ಕಣೇ ಅದು.’

ಆಚೆ ಫ್ರೆಂಚರ ಬ್ರಿಟನಿಯ ಯಾವುದೋ ಊರಿನಲ್ಲಿ, ಲೇಖಕರಿಗೆ ಅಂತ ಕೊಟ್ಟ ಕೋಣೆಯಲ್ಲಿ ಕೂತು, ಆಹಾ ಎಂಥ ಹೆಸರು ಹೊಳೆಯಿತು ಅಂತ ಬೆನ್ನು ತಟ್ಟಿಕೊಂಡಿದ್ದೆ. ಚಿಕ್ಕವಳಿದ್ದಾಗ ಯಾವಾಗಲೋ ಕಿವಿಗೆ ಬಿದ್ದಿದೆ. ಸತ್ತವರ ಹೆಸರನ್ನು ಇನ್ನೊಂದು ಮಗುವಿಗೆ ಇಡುವವರೆಗೆ ನಮ್ಮಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ಮತ್ತೆ ಕೇಳುವ ಸಂದರ್ಭವೇ ಬಂದಿಲ್ಲ.

‘ನನ್ನ ತಮ್ಮನ ಸೊಸೆಗೆ ಈಗ ಏಳು ತಿಂಗಳು,’ ಅಂದಳು ಅತ್ತೆ. ‘ಗಂಡಾದ್ರೆ ಇದೇ ಹೆಸರು ಅಂತ ಎತ್ತಿಟ್ಟಿದಾರೆ. ತಂಗೀನ ಸಾಯೋಕೆ ಕಳಿಸಿದೋನ ಹೆಸರು ಅಂತ ಊರೆಲ್ಲ ಓದಿದ ಮೇಲೆ ಯಾವ ತಾಯಿ ಮಗೂಗೆ ಇಡ್ತಾಳೆ?’

‘ಬದಲಾಯಿಸ್ತೀನಿ ಅತ್ತೆ. ಯಾರದ್ದೂ ಅಲ್ಲದ ಹೆಸರು ಹುಡುಕ್ತೀನಿ.’

ಆಗ ಮಾವ ನಕ್ಕ. ಚೂರೇ ಚೂರು.

‘ಈ ದ್ವೀಪದಲ್ಲಿ ಯಾರದ್ದೂ ಅಲ್ಲದ ಕಲ್ಲೇ ಇಲ್ಲ. ಹೆಸರು ಎಲ್ಲಿಂದ ತರ್ತೀಯ? ತಪ್ಪು ಮಾಡಿದೋನು ನಾನು. ಅದನ್ನ ತಗೊಂಡು ಹೋಗಿ ಇನ್ನೊಬ್ಬರ ಮನೆ ಹೆಸರಿಗೆ ಮೆತ್ತೋದು ಯಾವ ನ್ಯಾಯ? ನನ್ನ ಹೆಸರು ಹಾಕು.’

‘ಆ ಹೆಸರು ಮಗೂದೂ ಹೌದು,’ ಅಂದಳು ಅತ್ತೆ, ಮೆಲ್ಲಗೆ.

‘ಗೊತ್ತು ಎಸ್ತೆರ್.’

ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ತೆಗೆದುಕೊಂಡ ಅಂದರೆ ಮುಗಿಯಿತು. ಅವನು ಮಾತು ಕೊಟ್ಟ, ನಾನು ಹೂಂ ಅಂದೆ. ನಾನೂ ಮಾತು ಕೊಟ್ಟ ಹಾಗಾಯಿತು.

ಅತ್ತೆ ಊಟಕ್ಕೆ ಕರೆದಳು. ಮೀನು, ತೆಂಗಿನ ಹಾಲಿನಲ್ಲಿ ಬೆಂದ ಗೆಡ್ಡೆ. ಬಡಿಸಿ, ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಏಪ್ರಿಲ್ 22, ಸೋಮವಾರ. ವಿಮಾನ ನಿಲ್ದಾಣ

ವಿಮಾನ ತಡ. ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮನಸ್ಸು ತನಗೆ ಬೇಕಾದ ಹಾಗೆ ತಿರುಚಿಬಿಡುತ್ತದೆ.

ಬೆಳಗ್ಗೆ ತೋಟದ ದಾರಿಯಲ್ಲಿ ಮಾವನ ಜೊತೆ ನಡೆದೆ. ನಿಂತ, ಕೋಲು ಊರಿದ.

‘ಬಾಗಿಲು ಹಾಕ್ಕೊಂಡೆ ಅಂತ ಹೇಳಿದ್ಯಲ್ಲ. ಹಾಕ್ಲಿಲ್ಲ.’

‘ಮತ್ತೆ?’

‘ಒಳಗೆ ಕರೆದೆ. ನಿಮ್ಮತ್ತೆ ಊಟ ಹಾಕಿದ್ಲು. ಬೆಳಕಾದ ಮೇಲೆ ನಾನೇ ಜೊತೆಗೆ ಹೋಗಿ ಅವನ ಮನೇಲಿ ಬಿಟ್ಟು ಬಂದೆ. ಇದೇ ದಾರಿ. ಅವಳು ಮುಂದೆ, ನಾನು ಹಿಂದೆ. ಒಂದು ಮಾತೂ ಆಡ್ಲಿಲ್ಲ ಅವಳು. ನೀನು ನನ್ನ ಹೆಗಲ ಮೇಲೆ ನಿದ್ದೆ ಮಾಡ್ತಿದ್ದೆ.’

‘ಯಾಕೆ ಮಾವ?’ ಅಂತ ಕೊನೆಗೂ ಕೇಳಿದೆ. ಮೂರು ವರ್ಷ ಬರೆದು, ಒಮ್ಮೆಯೂ ಕೇಳದ ಪ್ರಶ್ನೆ.

‘ಅವಳ ಮದುವೇಲಿ ಅವರ ಮನೆಯಿಂದ ಬಂದ ಬಟ್ಟೆ, ಹೆಗ್ಗೆಣಸು, ದುಡ್ಡು. ಅದನ್ನೇ ನನ್ನ ಮದುವೆಗೆ ಎಸ್ತೆರ್ ಮನೆಗೆ ಕೊಟ್ಟಿದ್ವಿ. ಅವಳನ್ನ ಇಟ್ಕೊಂಡ್ರೆ ಅದನ್ನ ವಾಪಸ್ ಕೊಡ್ಬೇಕು. ಎಲ್ಲಿಂದ ತರ್ಲಿ? ನನ್ನ ಹೆಂಡ್ತಿ ನನ್ನ ಮನೇಲಿ ಇರ್ಲಿ ಅಂತ ತಂಗೀನ ಬಿಟ್ಟು ಬಂದೆ. ಬಾಗಿಲು ಹಾಕ್ಕೊಳ್ಳೋಕಿಂತ ಇದು ಕೆಟ್ಟದ್ದು. ಬರೆಯೋದಾದ್ರೆ ಇದನ್ನ ಬರಿ.’

ಹೇಳುವಾಗ ಅವನು ಅಳಲಿಲ್ಲ. ನಾನು ಅತ್ತುಬಿಟ್ಟೆ. ರಸ್ತೆಯಲ್ಲಿ ಚರ್ಚಿನ ಹೆಂಗಸರು ಬರುತ್ತಿದ್ದರು, ಪಕ್ಕಕ್ಕೆ ಸರಿದು ಹೋದರು.

ಅವನನ್ನು ದ್ವೇಷಿಸುತ್ತಾ ಬರೆದೆ. ಆಗ ಎಷ್ಟು ಸುಲಭವಿತ್ತು.

ಏಪ್ರಿಲ್ 24, ಬುಧವಾರ

ಬಾಗಿಲಿನ ಅಧ್ಯಾಯ ಹರಿದು ಹಾಕಿದೆ. ದಾರಿಯ ಅಧ್ಯಾಯ ಒಂದೇ ಪಟ್ಟಿಗೆ ಕೂತು ಬರೆದೆ, ಹನ್ನೊಂದು ಪುಟ. ನನ್ನ ಕೈ ಬರೆದದ್ದರಲ್ಲಿ ಇದೇ ಚೆನ್ನಾಗಿರುವುದು. ಹಮ್ಮಿನಿಂದ ಹೇಳುತ್ತಿಲ್ಲ. ಹಮ್ಮು ಇದ್ದರೂ ಇರಲಿ.

ಸೊಲಾಂಜ್ ಓದಿ ಫೋನ್ ಮಾಡಿದಳು. ಮೂಗು ಕಟ್ಟಿತ್ತು.

‘ಸಲೋಮೆ, ಇದು ಬೇರೆಯದೇ ಪುಸ್ತಕ ಆಯ್ತು. ಆದ್ರೆ ಈ ವಾಯಿಮೊ ಯಾರು?’

‘ಮಾವ. ನಿಜವಾದ ಹೆಸರು. ಅವನೇ ಹಾಕು ಅಂದ.’

‘ಅಯ್ಯೋ. ವಕೀಲರು ಬಿಡಲ್ಲ ಕಣೇ. ಬದುಕಿರೋರ ಹೆಸರು, ಅದೂ ಇಂಥ ವಿಷಯದಲ್ಲಿ. ಸಹಿ ಬೇಕು.’

‘ಬಾಯಿ ಮಾತು ಕೊಟ್ಟಿದಾನೆ. ಬಟ್ಟೆ ತಗೊಂಡಿದಾನೆ.’

‘ಬಟ್ಟೆನಾ?’

ವಿವರಿಸಲು ಹೋಗಲಿಲ್ಲ. ಮಾವ ಏನು ಮಾಡಿದ ಅನ್ನುವುದನ್ನೂ ಬರೆದ ಸಹಿಯ ಕಾಗದ ಮೇಲ್‌ನಲ್ಲಿ ಕಳಿಸಿದ್ದಾಳೆ. ಮೇ ಹತ್ತರೊಳಗೆ ಕೊನೆಯ ಪ್ರತಿ ಪ್ರೆಸ್ಸಿಗೆ ಹೋಗದಿದ್ದರೆ ಸೆಪ್ಟೆಂಬರ್ ಇಲ್ಲ. ಮತ್ತೆ ಫೆಬ್ರವರಿ.

ಏಪ್ರಿಲ್ 27, ಶನಿವಾರ

ಜೊಸಾಯ ಬಂದಿದ್ದ. ಇಲ್ಲಿ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ. ಮಗು, ಹೆಂಡತಿ ಇಬ್ಬರೂ ಊರಿನಲ್ಲಿ. ನಾಳೆ ಊರಿಗೆ ಹೋಗುವವನಿದ್ದ, ಅಪ್ಪನ ಹತ್ತಿರ ಸಹಿ ಹಾಕಿಸಿಕೊಂಡು ಬಾ ಅಂತ ಮೊನ್ನೆ ಕಾಗದ ಅವನ ಕೈಗೇ ಕೊಟ್ಟಿದ್ದೆ. ಎಂಥ ಬುದ್ಧಿ ನನ್ನದು. ಮಗುವಿನ ಅಪ್ಪನ ಕೈಗೇ ಕೊಟ್ಟೆ.

ಕೂರು ಅಂದರೂ ಕೂರಲಿಲ್ಲ. ಮಡಚಿದ ಕಾಗದ ಮೇಜಿನ ಮೇಲಿಟ್ಟ.

‘ಓದಿದೆ ಅಕ್ಕ. ಇದನ್ನ ನಾನು ತಗೊಂಡು ಹೋಗಲ್ಲ.’

‘ಅಪ್ಪನೇ ಒಪ್ಪಿದಾನೆ ಜೊಸಾಯ.’

‘ಅಪ್ಪ ಒಪ್ತಾನೆ. ನೀನು ಕೇಳಿದ್ರೆ ಕಣ್ಣು ಬೇಕಾದ್ರೂ ಕಿತ್ತು ಕೊಡ್ತಾನೆ. ನಮ್ಮನ್ನೆಲ್ಲ ಒಂದು ತೂಕ, ನಿನ್ನನ್ನ ಒಂದು ತೂಕ ಸಾಕಿದೋನು ಅವನು, ಯಾಕೆ ಅಂತ ಈಗ ಗೊತ್ತಾಯ್ತು ನನಗೆ.’ ಕಾಗದವನ್ನು ನನ್ನ ಕಡೆ ತಳ್ಳಿದ. ‘ನನ್ನ ಮಗ ಶಾಲೆಗೆ ಹೋಗೋ ಹೊತ್ತಿಗೆ ಮೇಷ್ಟ್ರು ಕೈಲಿ ನಿನ್ನ ಪುಸ್ತಕ ಇರುತ್ತೆ. ವಾಯಿಮೊ, ಅದೇ ವಾಯಿಮೊನಾ ಅಂತ ಕೇಳ್ತಾರೆ. ಏನು ಹೇಳ್ಲಿ?’

‘ಅದು ಕಾದಂಬರಿ...’

‘ಅಷ್ಟು ದಪ್ಪ ಪುಸ್ತಕ ಬರ್ದಿದೀಯ. ಒಂದು ಹೆಸರು ಇಲ್ಲದೆ ಬರೆಯೋಕೆ ಬರಲ್ವಾ ನಿನಗೆ?’

ಹೋದ. ಕಾಫಿ ಹಾಗೇ ಇತ್ತು. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದಕ್ಕೇ ಮೈ ಉರಿಯುತ್ತಿದೆ.

ಮೇ 1, ಬುಧವಾರ

ರಜೆ. ಬೀದಿಯಲ್ಲಿ ಸದ್ದಿಲ್ಲ. ತಲೆಯಲ್ಲಿ ಮಾತ್ರ ಸಂತೆ.

ಅತ್ತ ದರಿ, ಇತ್ತ ಪುಲಿ. ಮಾವನ ಹೆಸರು ಹಾಕಿದರೆ ಮಗುವಿನ ಹೆಸರು ಕೆಡುತ್ತದೆ. ಅತ್ತೆಯ ಅಪ್ಪನ ಹೆಸರು ಉಳಿಸಿದರೆ ಇನ್ನೂ ಹುಟ್ಟದ ಒಂದು ಮಗುವಿನದು ಕೆಡುತ್ತದೆ. ಹೊಸದು ಕಟ್ಟೋಣ ಅಂದರೆ ಕಟ್ಟಿದ್ದೆಲ್ಲ ಯಾರದೋ ಆಗಿರುತ್ತದೆ. ಫ್ರೆಂಚ್ ಹೆಸರು ಇಟ್ಟು ನೋಡಿದೆ. ತೋಟದ ದಾರಿಯಲ್ಲಿ ಹೆಗಲ ಮೇಲೆ ಮಗು ಹೊತ್ತು ಜೆರೋಮ್ ನಡೆದ. ನಗು ಬಂತು. ಆಮೇಲೆ ನಗು ನಿಲ್ಲಿಸಲು ಆಗಲಿಲ್ಲ, ಬಾತ್‌ರೂಮಿಗೆ ಹೋಗಿ ಮುಖ ತೊಳೆದೆ.

ಫೆಬ್ರವರಿಗೆ ಹೋಗಲಿ ಅಂದುಕೊಂಡೆ. ಬಾಯಿ ಬಿಟ್ಟು ಹೇಳಿಯೂ ನೋಡಿದೆ, ಖಾಲಿ ಕೋಣೆಗೆ. ನನ್ನ ದನಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಇಪ್ಪತ್ತು ವರ್ಷ ಇದಕ್ಕೇ ಕಾದಿದ್ದೇನೆ. ಮೇಳದಿಂದ ಮೇಳಕ್ಕೆ ವೆನಿಲ್ಲಾ ವಾಸನೆ ಹೊತ್ತು ತಿರುಗಿದ್ದೇನೆ. ನನಗೂ ಬೇಕು. ಬೇಕು ಅಂದರೆ ಬೇಕು.

ಮೇ 6, ಸೋಮವಾರ

ಬೆಳಗಿನ ಜಾವ ಎಚ್ಚರವಾದಾಗ ಉತ್ತರ ಹೊಳೆದಿತ್ತು. ಹೆಸರೇ ಬೇಡ. ವಾಯಿಮೊ ಇರುವ ಕಡೆಯೆಲ್ಲ ‘ಅಮ್ಮನ ಅಣ್ಣ’. ವಕೀಲನಿಗೆ ಸಹಿ ಬೇಕಿಲ್ಲ. ಜೊಸಾಯನ ಮಗುವಿಗೆ ಏನೂ ಆಗುವುದಿಲ್ಲ. ಅತ್ತೆಯ ತಮ್ಮನ ಮನೆಯವರಿಗೂ ಇಲ್ಲ. ಅಷ್ಟೇಕೆ, ಓದುವುದಕ್ಕೂ ಚೆನ್ನಾಗಿದೆ. ದಾರಿಯ ಅಧ್ಯಾಯದಲ್ಲಿ ‘ಅಮ್ಮನ ಅಣ್ಣ ಹಿಂದೆ ನಡೆದ’. ಹೀಗೆ ಇನ್ನೂ ತೂಕ ಬರುತ್ತದೆ.

ಶಾಲೆಗೆ ರಜೆ ಹಾಕಿ ದಿನವಿಡೀ ಒಂದೊಂದೇ ತಿದ್ದಿದೆ. ಮೆಷಿನ್ನಿಗೆ ಬಿಡಲಿಲ್ಲ.

ಸಂಜೆ ಹೊತ್ತಿಗೆ ಒಂದು ಮುಳ್ಳು. ಹಾಕುತ್ತೇನೆ ಅಂತ ಮಾವನಿಗೆ ಹೂಂ ಅಂದಿದ್ದೆ. ಅವನಿಗೆ ಹೇಳದೆ ತೆಗೆಯುತ್ತಿದ್ದೇನೆ.

ಮೇ 7, ಮಂಗಳವಾರ

ಕಳಿಸಿದೆ.

ಸೊಲಾಂಜ್ ಫೋನಿನಲ್ಲೇ ಒಪ್ಪಿದಳು. ‘ಮೂರು ದಿನ ಮುಂಚೆ. ನಿನ್ನನ್ನ ತಬ್ಕೋಬೇಕು ಅನ್ಸುತ್ತೆ. ನಾಳೆ ರಜೆ ಹಾಕಿದೀನಿ, ಫೋನ್ ಆಫ್ ಮಾಡಿ ಅಮ್ಮನ ಮನೆಗೆ ಹೋಗ್ತೀನಿ. ನೀನೂ ಮಲ್ಕೋ ಸ್ವಲ್ಪ.’

ಜೊಸಾಯನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಕಟ್ ಮಾಡಿದ. ಕೋಪ ಇಳಿದಿಲ್ಲ. ‘ಹೆಸರು ತೆಗೆದಿದೀನಿ, ನಿಶ್ಚಿಂತೆಯಿಂದ ಇರು’ ಅಂತ ಮೆಸೇಜ್ ಬಿಟ್ಟೆ.

ಮಾವನಿಗೆ ಈ ಮಾತು ಫೋನಿನಲ್ಲಿ ಹೇಳುವಂಥದ್ದಲ್ಲ. ಎದುರು ಕೂತು ಕೊಟ್ಟ ಮಾತನ್ನು ಎದುರು ಕೂತೇ ವಾಪಸ್ ಕೇಳಬೇಕು. ಮೊದಲ ಸಲ ಕಟ್ಟಳೆ ತಪ್ಪಿದೆ, ಈ ಸಲ ಸರಿಯಾಗಿ ಮಾಡುತ್ತೇನೆ. ಶನಿವಾರಕ್ಕೆ ಟಿಕೆಟ್ ತೆಗೆದೆ. ಹೊಸ ಬಟ್ಟೆ ತಂದೆ, ಈ ಸಲ ಕೆಂಪು.

ಮೇ 8, ಬುಧವಾರ

ಒಂಬತ್ತು ಗಂಟೆ ನಿದ್ದೆ. ಎದ್ದಾಗ ಇದು ಯಾವ ಮನೆ ಅನಿಸಿತು.

ಲೈಬ್ರರಿಯಲ್ಲಿ ಒಬ್ಬ ಹುಡುಗಿ ನನ್ನ ಎರಡನೇ ಪುಸ್ತಕ ತೆಗೆದು ಹಿಂಬದಿ ಓದಿ ಮತ್ತೆ ಇಟ್ಟಳು. ಬೇಜಾರಾಗಲಿಲ್ಲ. ಸೆಪ್ಟೆಂಬರ್ ಬರಲಿ ಕಣಮ್ಮ ಅಂದುಕೊಂಡೆ.

ಜೊಸಾಯ ಇನ್ನೂ ಫೋನ್ ಎತ್ತುತ್ತಿಲ್ಲ. ಬಂದರಿಗೆ ಕೇಳಿದರೆ ಊರಿಗೆ ಹೋಗಿದ್ದಾನೆ, ಅಪ್ಪ ಬರಹೇಳಿದರಂತೆ ಅಂದರು. ಹೆಗ್ಗೆಣಸು ಅಗೆಯುವ ಕಾಲ, ಆಳು ಬೇಕಾಗಿರಬೇಕು.

ಮೇ 9, ಗುರುವಾರ. ಮಧ್ಯಾಹ್ನ

ಅತ್ತೆ ಫೋನ್ ಮಾಡಿದಳು. ಅವಳಾಗಿ ನನಗೆ ಫೋನ್ ಮಾಡಿದ್ದೇ ಇಲ್ಲ. ಯಾರೋ ಹೋದರು ಅಂದುಕೊಂಡೆ.

‘ಸಲೋಮೆ, ಆಯ್ತು ಕಣೇ.’

‘ಏನು ಅತ್ತೆ?’

‘ಮಗು ಮೇಲಿಂದ ಹೆಸರು ತೆಗೆದ್ರು. ಬೆಳಗ್ಗೆ. ಎಲ್ಲ ಮನೆಯವರನ್ನೂ ಕರೆಸಿದ್ರು ನಿಮ್ಮ ಮಾವ.’

ನಿಂತಿದ್ದೆ. ಕೂತೆ.

‘ಎಲ್ಲರ ಮುಂದೆ ಹೇಳಿದ್ರು. ತಂಗೀನ ವಾಪಸ್ ಬಿಟ್ಟು ಬಂದದ್ದು, ಯಾಕೆ ಬಿಟ್ಟೆ ಅಂತ, ಎಲ್ಲ. ನಲವತ್ತೈದು ವರ್ಷ ಬಾಯಿ ಬಿಡದ ಗಂಡಸು. ಆಮೇಲೆ ಹೆಸರು ನನ್ನ ಸೊಸೆ, ಅಂದ್ರೆ ನೀನು, ಕಾಗದದ ಮೇಲೆ ಇಡ್ತಿದಾಳೆ, ಇನ್ನು ಅದು ಅಲ್ಲಿರ್ಲಿ, ಈ ಮನೇಲಿ ಬೇಡ ಅಂದ್ರು. ಮಗೂಗೂ ಬೇಡ, ಮುಂದೆ ಯಾವ ಮಗೂಗೂ ಬೇಡ. ನನ್ನನ್ನೂ ಹಾಗೆ ಕರೀಬೇಡಿ, ತಾತ ಅಂದ್ರೆ ಸಾಕು ಅಂದ್ರು.’

‘ಜೊಸಾಯ...’

‘ಅವನೇ ಮಗೂನ ಹಿಡ್ಕೊಂಡಿದ್ದ. ಅಪ್ಪನ ಮಾತಿಗೆ ಎದುರಾಡೋಕಾಗುತ್ತಾ? ಬಟ್ಟೆ ಹಾಸಿ ಅದರ ಮೇಲೆ ಮಗೂನ ಕೂರಿಸಿ ತೆಗೆದ್ರು. ಜೊಸಾಯ ಅತ್ತುಬಿಟ್ಟ. ಅವನ ಫೋನು ನೌಮಿಯಾದಲ್ಲೇ ಬಿಟ್ಟು ಬಂದಿದಾನೆ, ನಿನ್ನ ಕಾಟ ತಾಳಲಾರದೆ ಅಂತೆ.’ ಅತ್ತೆ ಮೂಗು ಸೆಳೆದುಕೊಂಡಳು. ‘ನಾನು ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ. ಈಗ ಇಲ್ಲ. ನಿಮ್ಮ ಮಾವ ಊಟ ಮಾಡಿ ಮಲಗಿದಾರೆ. ಹೀಗೆ ಮಲಗಿದ್ದು ನಾನು ಯಾವತ್ತೂ ನೋಡಿಲ್ಲ. ಹಗುರಾಗಿದಾರೆ. ಪುಸ್ತಕ ಬಂದಾಗ ಒಂದು ಕಳಿಸು. ಅವರ ಹೆಸರು ಎಲ್ಲಿದೆ ಅಂತ ತೋರಿಸಿದ್ರೆ ಸಾಕು, ಓದೋದೇನೂ ಬೇಡವಂತೆ.’

ಹೂಂ ಅಂದೆ ಮತ್ತೆ. ನನ್ನ ಬಾಯಿಗೆ ಬೇರೆ ಮಾತೇ ಬರುವುದಿಲ್ಲ.

ಮೇ 9. ಎರಡು ಗಂಟೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸರಿ. ನಾನು ಒಡೆದದ್ದನ್ನು ಇನ್ನೂ ಜೋಡಿಸಬಹುದು. ಫೈಲ್ ಇದೆ. ‘ಅಮ್ಮನ ಅಣ್ಣ’ ತೆಗೆದು ಮತ್ತೆ ಅವನ ಹೆಸರು. ಸಹಿ ಏನು, ಹೆಬ್ಬೆಟ್ಟು ಬೇಕಾದರೂ ತರುತ್ತೇನೆ. ನಾಳೆ ಕೊನೆಯ ದಿನ, ನಾಳೆಯವರೆಗೆ ಸಮಯವಿದೆ.

ಪ್ಯಾರಿಸ್ಸಿನಲ್ಲಿ ಈಗ ಬೆಳಗಿನ ಜಾವ. ಸೊಲಾಂಜ್ ಫೋನು ಆಫ್. ಮೇಲ್ ಕಳಿಸಿದೆ. ಮೆಸೇಜ್ ಕಳಿಸಿದೆ. ಆಫೀಸಿಗೆ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ಪ್ರೆಸ್ ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ. ಮೂರು ಪುಸ್ತಕ ಬರೆದೆ, ಅವು ಎಲ್ಲಿ ಅಚ್ಚಾಗುತ್ತವೆ ಅಂತ ಒಮ್ಮೆಯೂ ಕೇಳಿಲ್ಲ.

ಹಳೆಯ ಹೆಸರನ್ನು ಮತ್ತೆ ಒಂದೊಂದೇ ಹಾಕುತ್ತಾ ಕೂತಿದ್ದೇನೆ. ಕೈ ನಿಂತರೆ ಹುಚ್ಚು ಹಿಡಿಯುತ್ತದೆ. ವಾಯಿಮೊ ಹಿಂದೆ ನಡೆದ. ವಾಯಿಮೊ ಒಂದು ಮಾತೂ ಆಡಲಿಲ್ಲ. ವಾಯಿಮೊ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದ.

ಮೇ 9. ಆರು ಗಂಟೆ ದಾಟಿದೆ

ಸೊಲಾಂಜ್ ಎತ್ತಿದಳು. ನನ್ನನ್ನು ಮಾತಾಡಲು ಬಿಡಲಿಲ್ಲ.

‘ನಿನಗೇ ಫೋನ್ ಮಾಡ್ಬೇಕು ಅಂತಿದ್ದೆ. ಒಳ್ಳೆ ಸುದ್ದಿ. ಪ್ರೆಸ್ಸಲ್ಲಿ ಯಾರದೋ ಪುಸ್ತಕ ತಡ ಆಯ್ತು, ಆ ಜಾಗಕ್ಕೆ ನಿನ್ನದು ಹಾಕಿದಾರೆ. ಬೆಳಗ್ಗೆ ಆರಕ್ಕೇ ಶುರು ಮಾಡಿದ್ರಂತೆ. ಮೊದಲ ಹಾಳೆಗಳ ಫೋಟೋ ಬಂದಿದೆ ನೋಡು, ಎಷ್ಟು ಚೆನ್ನಾಗಿ ಬಂದಿದೆ.’

ನಿಲ್ಲಿಸು ಅಂದೆ. ಏನು ಅಂದಳು. ನಿಲ್ಲಿಸು ಅಂದೆ. ಸಲೋಮೆ, ಅರ್ಧ ಆಗಿರುತ್ತೆ, ಅರೆದು ಹಾಕೋದಾ, ಯಾಕೆ, ಏನಾಯ್ತು, ವಕೀಲರು ಕೂಡ ಈಗ ಖುಷಿಯಾಗಿದಾರೆ ಅಂದಳು. ಹೇಳಿದೆ. ಕೇಳಿ ನೋಡ್ತೀನಿ ಅಂದಳು. ಹದಿಮೂರು ವರ್ಷದಿಂದ ಬಲ್ಲೆ ಅವಳನ್ನು. ಕೇಳಿ ನೋಡುತ್ತೇನೆ ಅಂದರೆ ಆಗುವುದಿಲ್ಲ ಅಂತ ಅರ್ಥ.

ಫೋಟೋ ತೆರೆದೆ. ದಾರಿಯ ಅಧ್ಯಾಯವೇ. ಅಮ್ಮನ ಅಣ್ಣ ಹಿಂದೆ ನಡೆದ.

ಶನಿವಾರ ಬೆಳಗ್ಗೆ ವಿಮಾನ. ಚಾಪೆಯ ಮೇಲೆ ಕೆಂಪು ಬಟ್ಟೆ ಇಡಬೇಕು. ಮಾತಾಡಬೇಕು. ಏನು ಹೇಳಲಿ ಅಂತ ಇಲ್ಲೇ ಬರೆದುಕೊಂಡು ಹೋಗೋಣ ಅಂತ ಕೂತೆ, ಅಲ್ಲಿ ನಾಲಿಗೆ ಏಳದಿದ್ದರೆ ಅಂತ. ಕಟ್ಟಳೆಯ ಮಾತು ಯಾವಾಗಲೂ ಎದುರು ಕೂತ ಹಿರಿಯನ ಹೆಸರು ಹಿಡಿದು ಶುರುವಾಗಬೇಕು. ಮೊದಲು ಅವನ ಹೆಸರು, ಆಮೇಲೆ ಬಂದ ಕಾರಣ. ಆ ಹೆಸರು ಈಗ ಆ ಮನೆಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಬೇರೆ ಥರ ಶುರು ಮಾಡುವ ಕ್ರಮ ನನಗೆ ಯಾರೂ ಕಲಿಸಿಲ್ಲ.

ಶುರು: